ನರದ ಹಾದಿಯನ್ನು ಕಂಡವರು

ಹೊನ್ನಾವರದ ಸಮೀಪದ ಕರ್ಕಿಯಲ್ಲಿ ನನ್ನ ಬಾಲ್ಯ ಕಳೆಯಿತು. ಒಂದು ಮಳೆಗಾಲದಲ್ಲಿ ಅಜ್ಜಿಯ ಸೊಂಟದ ಬಲಮಗ್ಗುಲಲ್ಲಿ ಗುಳ್ಳೆಗಳ ಸಾಲೊಂದು ಎದ್ದಿತು. ಸರ್ಪಸುತ್ತು ಎಂದರು ಹಿರಿಯರು. ಸರ್ಪದ ತಲೆಯೂ ಬಾಲವೂ ಕೂಡಿದರೆ ಜೀವಕ್ಕೆ ಅಪಾಯವೆಂದು ಹೆದರಿ ಕೆಮ್ಮಣ್ಣು ಹಚ್ಚಿದರು. ನಾಗಬನಕ್ಕೆ ಹರಕೆ ಹೇಳಿಕೊಂಡರು. ಗುಳ್ಳೆಗಳು ಬೆನ್ನಿನ ನಡುವಿನಿಂದ ಹೊರಟು ಹೊಕ್ಕುಳಿನ ನೇರಕ್ಕೆ ಬಂದು ನಿಂತುವು. ಆದರೆ ಕಲೆ ಮಾಸಿದ ಮೇಲೂ ಉರಿ ಹೋಗಲಿಲ್ಲ. ಸೆರಗು ತಾಗಿದರೂ ಅಜ್ಜಿ ನರಳುತ್ತಿದ್ದಳು. ವಾಸಿಯಾದ ಮೈಯಲ್ಲಿ ನೋವೆಲ್ಲಿಯದೆಂದು ಮಕ್ಕಳಾದ ನಾವು ಅವಳ ಮಾತನ್ನು ನಂಬಲಿಲ್ಲ.

ಆ ಅಪನಂಬಿಕೆ ಎಷ್ಟು ತಪ್ಪಾಗಿತ್ತೆಂಬುದನ್ನು ನನಗೆ ಬಹುಕಾಲದ ಮೇಲೆ ತಿಳಿಸಿಕೊಟ್ಟುದು ಅಮೆರಿಕದ ವೈದ್ಯವಿಜ್ಞಾನಿ ಅರ್ನೆಸ್ಟ್ ವಿಲಿಯಂ ಗುಡ್‌ಪಾಸ್ಚರ್ ಅವರ ಜೀವನಚರಿತ್ರೆ.

ಅವರು 1886ರಲ್ಲಿ ಟೆನೆಸೀ ಸಂಸ್ಥಾನದ ಕ್ಲಾರ್ಕ್ಸ್‌ವಿಲ್ ಬಳಿ ಹುಟ್ಟಿದರು. ನ್ಯಾಶ್‌ವಿಲ್ ನಗರದ ವಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದಲ್ಲಿ ಓದಿ, 1912ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಿಂದ ವೈದ್ಯಪದವಿ ಪಡೆದರು. ಅವರು 1919ರಲ್ಲಿ ವರ್ಣಿಸಿದ, ಶ್ವಾಸಕೋಶ ಮತ್ತು ಮೂತ್ರಪಿಂಡಗಳೆರಡನ್ನೂ ಕೆಡಿಸುವ ವ್ಯಾಧಿಗೆ 1958ರಲ್ಲಿ ಬೇರೆಯವರು ಅವರ ಹೆಸರನ್ನೇ ಇಟ್ಟರು. ವೈದ್ಯರೆಲ್ಲ ಅವರನ್ನು ಬಲ್ಲುದು ಬಹುಮಟ್ಟಿಗೆ ಆ ಹೆಸರಿನಿಂದ. ನನ್ನ ಮನಸ್ಸನ್ನು ಸೆಳೆದುದು ಮಾತ್ರ ಅವರ ಬೇರೊಂದು ಕೆಲಸ.

ಜ್ವರದೊಡನೆ ತುಟಿಯಂಚಿನಲ್ಲಿ ಏಳುವ ಗುಳ್ಳೆ ಎಲ್ಲರಿಗೂ ಪರಿಚಿತ. ಅದನ್ನು ಉಂಟುಮಾಡುವ ಹರ್ಪಿಸ್ ವಿಷಾಣು ಮಿದುಳನ್ನು ಸೇರುವುದು ರಕ್ತದ ಮೂಲಕವೋ, ನರಗಳ ಮೂಲಕವೋ ಎಂಬುದು ಅಂದಿನ ವಿವಾದ. ಗುಡ್‌ಪಾಸ್ಚರ್ ತಮ್ಮ ಸಹಕಾರಿ ಆಸ್ಕರ್ ಟೀಗ್ ಅವರೊಡನೆ ಮೊಲಗಳ ದೇಹದ ಬೇರೆ ಬೇರೆ ಭಾಗಗಳಲ್ಲಿ ವಿಷಾಣುವನ್ನು ಸೇರಿಸಿದರು. ದವಡೆಯ ಸ್ನಾಯುವಿನಲ್ಲಿಟ್ಟಾಗ, ಆ ಸ್ನಾಯುವಿನ ನರ ಮಿದುಳಿನ ಬುಡದಲ್ಲಿ ಎಲ್ಲಿ ಸೇರುವುದೋ ಅಲ್ಲಿಯೇ ರೋಗ ತೋರಿತು. 1923ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. 1925ರಲ್ಲಿ, ನರತಂತುವಿನ ಒಳತಿರುಳೇ ವಿಷಾಣುವಿನ ಹಾದಿಯೆಂದು ಅವರು ಪ್ರತಿಪಾದಿಸಿದರು.

ಹಾದಿಯೇನೋ ಸಿಕ್ಕಿತು. ಆದರೆ ಮಾಸಿದ ಗುಳ್ಳೆ ಅದೇ ಜಾಗದಲ್ಲಿ ಮರಳಿ ಮರಳಿ ಏಳುವುದೇಕೆ? 1929ರ ದೀರ್ಘ ಲೇಖನವೊಂದರಲ್ಲಿ ಅವರು, ವಿಷಾಣು ನರಕೋಶಗಳು ಗುಂಪುಗೂಡಿರುವ ನರಗಂಟಿನಲ್ಲಿ ಸದ್ದಿಲ್ಲದೆ ಅಡಗಿದ್ದು, ಸಮಯ ಬಂದಾಗ ಹೊರಡುತ್ತಿರಬಹುದೆಂಬ ಊಹೆಯನ್ನು ಮುಂದಿಟ್ಟರು. ಕಂಡುದನ್ನು ಕಂಡುದೆಂದೂ ಊಹಿಸಿದುದನ್ನು ಊಹೆಯೆಂದೂ ಬೇರ್ಪಡಿಸಿ ಹೇಳಿದ ಈ ವಿನಯವೇ ನನಗೆ ಅವರಲ್ಲಿ ಹಿರಿದಾಗಿ ಕಾಣುತ್ತದೆ.

1931ರಲ್ಲಿ ಅವರು ಆಲಿಸ್ ವುಡ್ರಫ್ ಅವರೊಡನೆ ಮರಿಯಾಗುತ್ತಿರುವ ಕೋಳಿಮೊಟ್ಟೆಯಲ್ಲಿ ವಿಷಾಣುವನ್ನು ಬೆಳೆಸುವ ವಿಧಾನವನ್ನು ರೂಪಿಸಿದರು. ಫ್ಲೂ ಜ್ವರದ ಲಸಿಕೆಯ ಬಹುಭಾಗ ಇಂದಿಗೂ ಮೊಟ್ಟೆಯಲ್ಲಿಯೇ ತಯಾರಾಗುತ್ತದೆ. ವಾಂಡರ್‌ಬಿಲ್ಟ್‌ನಲ್ಲಿ ಪ್ರಾಧ್ಯಾಪಕರಾಗಿ, 1945ರಿಂದ 1950ರವರೆಗೆ ವೈದ್ಯಶಾಲೆಯ ಮುಖ್ಯಸ್ಥರಾಗಿ ದುಡಿದು, 1960ರಲ್ಲಿ ಅವರು ತೀರಿಕೊಂಡರು. ಅವರ ಊಹೆಗೆ ಬಲವಾದ ಪುರಾವೆ ದೊರೆತುದು 1971ರಲ್ಲಿ. ಜ್ಯಾಕ್ ಸ್ಟೀವನ್ಸ್ ಮತ್ತು ಮಾರ್ಜರಿ ಕುಕ್ ಎಂಬವರು, ಚೇತರಿಸಿಕೊಂಡ ಇಲಿಗಳ ನರಗಂಟುಗಳಲ್ಲಿ ಅಡಗಿದ್ದ ವಿಷಾಣುವನ್ನು ಎಚ್ಚರಿಸಿ ತೋರಿಸಿದರು. ಊಹಿಸಿದವರು ಅದನ್ನು ನೋಡಲು ಉಳಿದಿರಲಿಲ್ಲ.

ಸರ್ಪಸುತ್ತಿನ ವಿಷಾಣು ಇದೇ ಕುಲದ ಇನ್ನೊಂದು. ಬಾಲ್ಯದಲ್ಲಿ ಸೀತಾಳೆ ಸಿಡುಬಾಗಿ ಬಂದುದೇ ನರಗಂಟಿನಲ್ಲಿ ದಶಕಗಳ ಕಾಲ ಅಡಗಿದ್ದು, ಮುಪ್ಪಿನಲ್ಲಿ ಒಂದು ನರವನ್ನು ಹಿಡಿದು ಚರ್ಮಕ್ಕೆ ಇಳಿಯುತ್ತದೆ. ಬೆನ್ನುಹುರಿಯಿಂದ ಹೊರಡುವ ಪ್ರತಿಯೊಂದು ನರವೂ ಮೈಯ ಒಂದೇ ಮಗ್ಗುಲಿಗೆ ಸೇರಿದುದು. ಆದುದರಿಂದಲೇ ಗುಳ್ಳೆಗಳ ಸಾಲು ಸಾಮಾನ್ಯವಾಗಿ ನಡುಗೆರೆಯನ್ನು ದಾಟುವುದಿಲ್ಲ. ನಮ್ಮವರು ಅಂಜುತ್ತಿದ್ದಂತೆ ತಲೆ ಬಾಲಗಳು ಕೂಡದಿರುವುದಕ್ಕೆ ಕಾರಣ ನರಗಳ ಈ ಹಂಚಿಕೆ.

ಭಾಷೆಯ ವಿದ್ಯಾರ್ಥಿಯಾದ ನನಗೆ ಇನ್ನೊಂದು ಸೋಜಿಗ. ಹರ್ಪಿಸ್ ಎಂಬುದು ಹರಿದಾಡು ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದ ಪದ. ಸಂಸ್ಕೃತದ ಸರ್ಪ ಶಬ್ದಕ್ಕೂ ಅದಕ್ಕೂ ಮೂಲವೊಂದೇ. ಗ್ರೀಕರೂ ನಮ್ಮ ಕರಾವಳಿಯ ಹಿರಿಯರೂ ಹರಿಯುವುದನ್ನು ಸರಿಯಾಗಿಯೇ ಕಂಡಿದ್ದರು. ಅದರ ಹುತ್ತ ಎಲ್ಲಿದೆಯೆಂಬುದು ಮಾತ್ರ ತಿಳಿದಿರಲಿಲ್ಲ.

ಅಜ್ಜಿಯ ನೋವು ಚರ್ಮದ್ದಲ್ಲ, ಗಾಸಿಗೊಂಡ ನರದ್ದು. ಅವಳು ಹೇಳಿದುದು ನಿಜವಾಗಿತ್ತು. ಅದನ್ನು ಒಪ್ಪಿಕೊಳ್ಳುವಷ್ಟು ತಿಳಿವಳಿಕೆ ನನಗೆ ಬರುವ ಹೊತ್ತಿಗೆ ಅವಳು ಇರಲಿಲ್ಲ.