ಡಾಕ್ಟರ್ ಸೋಫಿಯಾ ಜೆಕ್ಸ್-ಬ್ಲೇಕ್

ಈ ಸಲದ ಸಂಚಿಕೆಗೆ ಯಾರಾದರೂ ಒಬ್ಬ ಸಾಧಕರ ಜೀವನ ಬರೆದುಕೊಡಿ ಎಂದು ಕನ್ನಡ ಮೇಡಂ ಹೇಳಿದಾಗ ನನ್ನ ಹತ್ತಿರ ಹೆಸರು ಮೊದಲೇ ಸಿದ್ಧವಿತ್ತು. ಅದಕ್ಕೆ ಕಾರಣ ಒಬ್ಬಳು ಕೇಳಿದ ಪ್ರಶ್ನೆ. ಅವಳು ಯಾರು, ಎಲ್ಲಿಯವಳು ಎಂದು ಬರೆಯುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಸೈನ್ಸ್ ಓದುತ್ತಾಳೆ, ನೀಟ್ ಬರೆಯುವವಳು. ರಜೆಯಲ್ಲಿ ಬಸ್ರೂರಿಗೆ ಬಂದಿದ್ದಾಗ ನಮ್ಮ ಮನೆಯ ಜಗಲಿಯಲ್ಲಿ ಕೂತು ನೆಲಗಡಲೆ ಸುಲಿಯುತ್ತಾ, ತನಗೆ ಹುಡುಗರ ಮೇಲೆ ಮನಸ್ಸಿಲ್ಲ, ಹುಡುಗಿಯರ ಮೇಲೆ ಇದೆ, ಇದು ಗೊತ್ತಾಗಿ ಎರಡು ವರ್ಷವಾಯಿತು ಎಂದಳು. ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಕಡಲೆ ಸುಲಿಯುತ್ತಲೇ ಇದ್ದೆ. ಸ್ವಲ್ಪ ಹೊತ್ತು ಬಿಟ್ಟು ಅವಳು ಕೇಳಿದ್ದು ಇಷ್ಟೇ: ಇಂಥ ಹೆಂಗಸರು ಯಾರಾದರೂ ಡಾಕ್ಟರೋ ವಿಜ್ಞಾನಿಯೋ ಆಗಿದ್ದಾರಾ?

ಇದನ್ನು ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ. ಇದು ಧರ್ಮದ ಚರ್ಚೆಯಲ್ಲ. ಅದಕ್ಕೆ ಬೇಕಾದ ಓದೂ ವಯಸ್ಸೂ ನನಗಿಲ್ಲ. ಒಬ್ಬ ಡಾಕ್ಟರಿನ ಜೀವನ, ಅಷ್ಟೇ.

ಸೋಫಿಯಾ ಜೆಕ್ಸ್-ಬ್ಲೇಕ್ ಹುಟ್ಟಿದ್ದು 1840ರ ಜನವರಿ 21ರಂದು, ಇಂಗ್ಲೆಂಡಿನ ಸಮುದ್ರ ತೀರದ ಹೇಸ್ಟಿಂಗ್ಸ್ ಎಂಬ ಊರಿನಲ್ಲಿ. ತಂದೆ ನಿವೃತ್ತ ವಕೀಲರು, ಮನೆಯಲ್ಲಿ ಹಣಕ್ಕೆ ಕೊರತೆಯಿರಲಿಲ್ಲ. ಮಗಳು ಮಾತ್ರ ಸಣ್ಣದರಿಂದಲೇ ಗಲಾಟೆ, ಹಠ. ಮನೆಯವರಿಗೆ ಇಷ್ಟವಿಲ್ಲದಿದ್ದರೂ 1858ರಲ್ಲಿ ಲಂಡನ್ನಿನ ಕ್ವೀನ್ಸ್ ಕಾಲೇಜಿಗೆ ಸೇರಿದಳು. ಗಣಿತದಲ್ಲಿ ಎಷ್ಟು ಚುರುಕು ಎಂದರೆ ತಾನಿನ್ನೂ ವಿದ್ಯಾರ್ಥಿನಿಯಾಗಿರುವಾಗಲೇ ಅಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಆಗ ತಂದೆ ಒಂದು ಷರತ್ತು ಹಾಕಿದರು. ಕಲಿಸಲಿ, ಆದರೆ ಸಂಬಳ ತೆಗೆದುಕೊಳ್ಳಬಾರದು. ಒಳ್ಳೆಯ ಮನೆತನದ ಹೆಣ್ಣುಮಗಳು ದುಡಿದು ಹಣ ಪಡೆದರೆ ಮರ್ಯಾದೆ ಹೋಗುತ್ತದಂತೆ. ತಂದೆಯೂ ಅಣ್ಣನೂ ಕೆಲಸಕ್ಕೆ ಸಂಬಳ ಪಡೆಯುವಾಗ ಹೋಗದ ಮರ್ಯಾದೆ ತನ್ನಿಂದ ಹೇಗೆ ಹೋಗುತ್ತದೆ ಎಂದು ಸೋಫಿಯಾ ಕಾಗದ ಬರೆದು ವಾದಿಸಿದಳು. ಕೊನೆಗೆ ಪುಕ್ಕಟೆಯಾಗಿಯೇ ಕಲಿಸಿದಳು. ನಾನು ಕಾಮರ್ಸ್ ಓದುವವಳು, ಇದನ್ನು ಯಾವ ಖಾತೆಯಲ್ಲಿ ಬರೆಯಬೇಕೋ ನನಗೆ ತಿಳಿಯಲಿಲ್ಲ.

ಈ ಕಾಲದಲ್ಲೇ ಅವಳಿಗೆ ಆಕ್ಟೇವಿಯಾ ಹಿಲ್ ಎಂಬ ಹುಡುಗಿಯ ಪರಿಚಯವಾಯಿತು. ಮುಂದೆ ಬಡವರ ಮನೆಗಳಿಗಾಗಿ ಕೆಲಸ ಮಾಡಿ ಹೆಸರಾದವಳು. ಇಬ್ಬರೂ ತುಂಬ ಹತ್ತಿರವಾದರು, ನಂತರ ಆಕ್ಟೇವಿಯಾ ಸಂಬಂಧ ಕಡಿದುಕೊಂಡಳು. ಈ ನೋವು ಸೋಫಿಯಾಳನ್ನು ಬಹಳ ವರ್ಷ ಬಿಡಲಿಲ್ಲ. ತಾನು ಹೆಂಗಸರನ್ನು ಪ್ರೀತಿಸುವಷ್ಟು ಯಾವ ಗಂಡಸನ್ನೂ ಪ್ರೀತಿಸಲಾರೆ ಎಂಬ ಅರ್ಥದ ಮಾತನ್ನು ಅವಳು ಡೈರಿಯಲ್ಲಿ ಬರೆದುಕೊಂಡಿದ್ದಳು. ಇದನ್ನು ಓದಿದಾಗ ನನಗೆ ಜಗಲಿಯಲ್ಲಿ ಕೂತಿದ್ದವಳ ನೆನಪಾಯಿತು. ನೂರರವತ್ತು ವರ್ಷದ ಹಿಂದಿನ ಡೈರಿ.

1865ರಲ್ಲಿ ಅಮೆರಿಕಕ್ಕೆ ಹೋದವಳು ಬೋಸ್ಟನ್ ನಗರದ ಹೆಂಗಸರ ಆಸ್ಪತ್ರೆಯಲ್ಲಿ ಡಾಕ್ಟರ್ ಲೂಸಿ ಸೆವೆಲ್ ಅವರ ಜೊತೆ ಕೆಲಸ ಮಾಡಿದಳು. ಹೆಣ್ಣೊಬ್ಬಳು ಡಾಕ್ಟರ್ ಆಗಿರುವುದನ್ನು ಕಣ್ಣಾರೆ ಕಂಡದ್ದು ಅಲ್ಲಿ. ತಾನೂ ಆಗಬೇಕು ಎಂದು ನಿಶ್ಚಯಿಸಿದ್ದೂ ಅಲ್ಲಿಯೇ. ಹಾರ್ವರ್ಡ್ ಸೇರಿಸಿಕೊಳ್ಳಲಿಲ್ಲ. ತಂದೆ ತೀರಿಕೊಂಡದ್ದರಿಂದ ಊರಿಗೆ ಮರಳಿದಳು.

1869ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಾಗ ಸಿಕ್ಕ ಉತ್ತರ, ಒಬ್ಬಳೇ ಹೆಂಗಸಿಗಾಗಿ ವ್ಯವಸ್ಥೆ ಮಾಡಲಾಗದು ಎಂದು. ಒಬ್ಬಳಿಗೆ ಆಗದಿದ್ದರೆ ಹೆಚ್ಚು ಜನರನ್ನು ಕರೆತರೋಣ ಎಂದು ಅವಳು ಪೇಪರಿನಲ್ಲಿ ಜಾಹೀರಾತು ಕೊಟ್ಟಳು. ಒಟ್ಟು ಏಳು ಜನ ಆದರು. ಚರಿತ್ರೆಯಲ್ಲಿ ಅವರನ್ನು ಎಡಿನ್‌ಬರೊ ಏಳ್ವರು ಎನ್ನುತ್ತಾರೆ. ಹುಡುಗರ ಜೊತೆ ಕೂರುವಂತಿಲ್ಲ, ಬೇರೆ ಕ್ಲಾಸು, ಅದಕ್ಕೆ ಹೆಚ್ಚು ಫೀಸು. ಏಳ್ವರಲ್ಲಿ ಒಬ್ಬಳಾದ ಈಡಿತ್ ಪೀಚಿ ಕೆಮಿಸ್ಟ್ರಿಯಲ್ಲಿ ಸ್ಕಾಲರ್‌ಶಿಪ್ ಬರುವಷ್ಟು ಅಂಕ ತೆಗೆದಾಗ ಅದನ್ನು ಅವಳಿಗೆ ಕೊಡದೆ ಕೆಳಗಿದ್ದ ಹುಡುಗರಿಗೆ ಕೊಟ್ಟರು.

1870ರ ನವೆಂಬರ್ 18. ಅನಾಟಮಿ ಪರೀಕ್ಷೆಗೆ ಏಳು ಜನರೂ ಸರ್ಜನ್ಸ್ ಹಾಲ್ ಎಂಬ ಕಟ್ಟಡಕ್ಕೆ ನಡೆದುಹೋದರು. ಬೀದಿ ತುಂಬ ಜನ. ಕೂಗು, ಬೈಗುಳ, ಕೆಸರಿನ ಎರಚಾಟ. ಇವರು ಹತ್ತಿರ ಬಂದಂತೆ ಮುಖದ ಮೇಲೆಯೇ ಗೇಟು ಹಾಕಿದರು. ಗೇಟು ಹಾಕುವುದು ಎಂದರೇನು ಎಂದು ನಮ್ಮ ಕಡೆಯ ಹುಡುಗಿಯರಿಗೆ ಯಾರೂ ವಿವರಿಸಬೇಕಾಗಿಲ್ಲ. 2022ರ ಫೆಬ್ರವರಿಯಲ್ಲಿ ನನ್ನ ಅಕ್ಕ ತಲೆವಸ್ತ್ರ ಹಾಕಿಕೊಂಡು ತನ್ನ ಕಾಲೇಜಿನ ಗೇಟಿನ ಹೊರಗೆ ಸಂಜೆಯವರೆಗೆ ನಿಂತಿದ್ದಳು, ಬ್ಯಾಗಿನಲ್ಲಿ ಹಾಲ್ ಟಿಕೆಟಿಗೆ ತೆಗೆಸಿದ ಫೋಟೋ ಇಟ್ಟುಕೊಂಡು. ಎಡಿನ್‌ಬರೊದಲ್ಲಿ ಒಳಗಿನಿಂದ ಯಾರೋ ಬಾಗಿಲು ತೆರೆದರು, ಏಳ್ವರೂ ಒಳಗೆ ಹೋಗಿ ಪರೀಕ್ಷೆ ಬರೆದರು. ಬರೆಯುವಾಗ ಹೊರಗಿನವರು ಒಂದು ಕುರಿಯನ್ನು ಕೋಣೆಯೊಳಗೆ ತಳ್ಳಿದರಂತೆ. ಅದು ಇರಲಿ, ಕಳಿಸಿದವರಿಗಿಂತ ಅದಕ್ಕೇ ಹೆಚ್ಚು ಬುದ್ಧಿಯಿದೆ ಎಂದು ಉಪನ್ಯಾಸಕರು ಅದನ್ನು ಓಡಿಸಲಿಲ್ಲ.

ಈ ಗಲಾಟೆಗೆ ಒಬ್ಬ ಪ್ರೊಫೆಸರರ ಸಹಾಯಕನೇ ಮುಂದಾಳು ಎಂದು ಸೋಫಿಯಾ ಸಭೆಯಲ್ಲಿ ಹೇಳಿದ್ದಕ್ಕೆ ಆತ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದ. ಪರಿಹಾರ ಎಷ್ಟು ಗೊತ್ತೇ? ಒಂದು ಫಾರ್ದಿಂಗ್. ಅಂದರೆ ಕಾಲು ಪೆನ್ನಿ. ಆದರೆ ಕೋರ್ಟಿನ ಖರ್ಚು ಸೋಫಿಯಾಳ ತಲೆಗೆ ಬಂತು, 900 ಪೌಂಡಿಗೂ ಹೆಚ್ಚು. ಒಂದು ಪೌಂಡಿಗೆ 960 ಫಾರ್ದಿಂಗ್. ಲೆಕ್ಕ ಹಾಕಿದರೆ ಒಂದು ಫಾರ್ದಿಂಗಿನ ತಪ್ಪಿಗೆ ಎಂಟೂವರೆ ಲಕ್ಷ ಫಾರ್ದಿಂಗಿಗೂ ಮೀರಿದ ಬಿಲ್ಲು. ಜನ ಚಂದಾ ಎತ್ತಿ ಕಟ್ಟಿದರು.

1873ರಲ್ಲಿ ಅಲ್ಲಿನ ಕೋರ್ಟು, ಹೆಂಗಸರಿಗೆ ಪದವಿ ಕೊಡಬೇಕಾದ ಹೊಣೆ ವಿಶ್ವವಿದ್ಯಾಲಯಕ್ಕೆ ಇಲ್ಲ ಎಂದಿತು. ನಾಲ್ಕು ವರ್ಷದ ಓದು ನೀರಿಗೆ ಹೋಯಿತು. ಮುಂದಿನ ವರ್ಷವೇ ಅವಳು ಲಂಡನ್ನಿನಲ್ಲಿ ಹೆಂಗಸರಿಗಾಗಿ ವೈದ್ಯಕೀಯ ಶಾಲೆ ಶುರುವಾಗುವಂತೆ ಮಾಡಿದಳು. 1877ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಎಂ.ಡಿ. ಪಡೆದು, ಡಬ್ಲಿನ್‌ನಲ್ಲಿ ಪರೀಕ್ಷೆ ಪಾಸಾಗಿ ಡಾಕ್ಟರ್ ಆದಳು. ಬೇಕೆಂದೇ ಎಡಿನ್‌ಬರೊಕ್ಕೆ ಮರಳಿ 1878ರಲ್ಲಿ ಅಲ್ಲಿ ಬೋರ್ಡು ಹಾಕಿದಳು. ಸ್ಕಾಟ್ಲೆಂಡಿನ ಮೊದಲ ಮಹಿಳಾ ಡಾಕ್ಟರ್. ಬಡ ಹೆಂಗಸರಿಗೆ ಕೆಲವೇ ಪೆನ್ನಿಗಳಿಗೆ ಮದ್ದು ಕೊಡುವ ದವಾಖಾನೆ ತೆರೆದಳು. ಅದು ಬೆಳೆದು ಆಸ್ಪತ್ರೆಯಾಗಿ 1989ರವರೆಗೆ ನಡೆಯಿತು.

ನಮ್ಮ ದೇಶಕ್ಕೂ ಇದರ ಫಲ ಬಂದಿದೆ. ಸ್ಕಾಲರ್‌ಶಿಪ್ ತಪ್ಪಿಸಿಕೊಂಡ ಈಡಿತ್ ಪೀಚಿ 1883ರಲ್ಲಿ ಬೊಂಬಾಯಿಗೆ ಬಂದು ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾದರು. ಬಾಲ್ಯವಿವಾಹದ ವಿರುದ್ಧ ಕೋರ್ಟಿನಲ್ಲಿ ಹೋರಾಡಿದ ರುಖ್ಮಾಬಾಯಿಗೆ ಬೆಂಬಲವಾಗಿ ನಿಂತು ಲಂಡನ್ನಿಗೆ ಓದಲು ಕಳಿಸಿದವರಲ್ಲಿ ಅವರೂ ಒಬ್ಬರು. ರುಖ್ಮಾಬಾಯಿ ಓದಿದ್ದು ಸೋಫಿಯಾ ಶುರುಮಾಡಿಸಿದ ಅದೇ ಶಾಲೆಯಲ್ಲಿ. ಮುಂದೆ ಸೂರತ್ತಿನಲ್ಲಿ ಬಹಳ ವರ್ಷ ಡಾಕ್ಟರಾಗಿದ್ದರು.

ಸೋಫಿಯಾ ದೇವತೆಯೇನಲ್ಲ. ಸಿಟ್ಟು ಜಾಸ್ತಿ. 1886ರಲ್ಲಿ ಎಡಿನ್‌ಬರೊದಲ್ಲೂ ಹೆಂಗಸರ ವೈದ್ಯಕೀಯ ಶಾಲೆ ತೆರೆದಳು. ಎರಡು ವರ್ಷದಲ್ಲಿ ಸಣ್ಣ ಶಿಸ್ತಿನ ವಿಷಯಕ್ಕೆ ಅಕ್ಕತಂಗಿಯರಿಬ್ಬರನ್ನು ಹೊರಹಾಕಿದಳು. ಅವರು ಕೋರ್ಟಿಗೆ ಹೋಗಿ ಗೆದ್ದರು. ಬೇಸತ್ತ ಎಲ್ಸಿ ಇಂಗ್ಲಿಸ್ ಎಂಬ ವಿದ್ಯಾರ್ಥಿನಿ ಹೊರಬಂದು ಬೇರೆ ಕಾಲೇಜನ್ನೇ ಕಟ್ಟಿದಳು. ಗೇಟಿನ ಹೊರಗೆ ನಿಂತಿದ್ದವಳು ಹೀಗೆ ಮಾಡಬಾರದಿತ್ತು ಎಂದು ನನಗೆ ಅನಿಸುತ್ತದೆ.

ಆ ಶಾಲೆಗೆ ಬಂದು ಸೇರಿದವರಲ್ಲಿ ಮಾರ್ಗರೆಟ್ ಟಾಡ್ ಒಬ್ಬಳು. ಮೊದಲು ಟೀಚರ್ ಆಗಿದ್ದವಳು, ಸೋಫಿಯಾಗಿಂತ ಹತ್ತೊಂಬತ್ತು ವರ್ಷ ಚಿಕ್ಕವಳು. ಓದಿನ ನಡುವೆ ಗಂಡಸಿನ ಹೆಸರಿಟ್ಟುಕೊಂಡು ಒಬ್ಬ ವೈದ್ಯಕೀಯ ವಿದ್ಯಾರ್ಥಿನಿಯ ಕಾದಂಬರಿ ಬರೆದಳು. ಅದು ಚೆನ್ನಾಗಿ ಮಾರಾಟವಾಯಿತು. ಡಿಗ್ರಿ ಮುಗಿಸಲು ಮಾತ್ರ ಎಂಟು ವರ್ಷ ಹಿಡಿಯಿತು. ಸೋಫಿಯಾಳ ಆಸ್ಪತ್ರೆಯಲ್ಲೇ ಡಾಕ್ಟರ್ ಆದಳು. 1899ರಲ್ಲಿ ಸೋಫಿಯಾ ನಿವೃತ್ತಳಾದಾಗ ಇಬ್ಬರೂ ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್‌ನ ಒಂದು ಹಳ್ಳಿಯಲ್ಲಿ, ವಿಂಡಿಡೀನ್ ಎಂಬ ಮನೆಯಲ್ಲಿ ಸಂಸಾರ ಹೂಡಿದರು. ಹಳೆಯ ವಿದ್ಯಾರ್ಥಿನಿಯರು, ಬರಹಗಾರರು ಆ ಮನೆಗೆ ಬಂದುಹೋಗುತ್ತಿದ್ದರು. 1912ರ ಜನವರಿ 7ರಂದು ಸೋಫಿಯಾ ತೀರಿಕೊಳ್ಳುವವರೆಗೂ ಮಾರ್ಗರೆಟ್ ಜೊತೆಗಿದ್ದಳು. ನಂತರ ಅವಳ ಜೀವನಚರಿತ್ರೆಯನ್ನು ಬರೆದು 1918ರಲ್ಲಿ ಪ್ರಕಟಿಸಿದಳು, ಡೈರಿ ಮತ್ತು ಕಾಗದಗಳನ್ನೆಲ್ಲ ನಾಶಮಾಡಿದಳು, ಅದೇ ವರ್ಷ ತಾನೂ ತೀರಿಕೊಂಡಳು. ಆ ದೊಡ್ಡ ಪುಸ್ತಕದಲ್ಲಿ ತನ್ನ ಬಗ್ಗೆ ಹೆಚ್ಚೇನೂ ಹೇಳಿಕೊಂಡಿಲ್ಲ.

ಇಂದಿನ ಇತಿಹಾಸಕಾರರು ಅವರನ್ನು ಬಾಳಸಂಗಾತಿಗಳು ಎಂದೇ ಬರೆಯುತ್ತಾರೆ. ಹಿಂದಿನವರು ಸ್ನೇಹಿತೆ ಎಂದು ಬರೆದು ಮುಂದೆ ಹೋಗುತ್ತಿದ್ದರು. ನಮ್ಮ ಮನೆಯ ಉರ್ದುವಿನಲ್ಲಾದರೆ ಸಹೇಲಿ. ಅಮ್ಮಿಗೆ ಮೀನು ಮಾರುಕಟ್ಟೆಯಲ್ಲಿ ಸಿಗುವವರೂ ಸಹೇಲಿಯೇ. ಮೇರಿ ಕ್ಯೂರಿಯ ಪಾಠದಲ್ಲಿ ಗಂಡ ಪಿಯರಿ ಬರುತ್ತಾನೆ, ಇಬ್ಬರೂ ಕೂಡಿ ರೇಡಿಯಂ ಕಂಡುಹಿಡಿದದ್ದು ಬರುತ್ತದೆ. ಯಾರೂ ಅದನ್ನು ಖಾಸಗಿ ವಿಷಯ ಎನ್ನುವುದಿಲ್ಲ. 2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟು ಇಂಥ ಪ್ರೀತಿ ಅಪರಾಧವಲ್ಲ ಎಂದಿತು. ತೀರ್ಪು ಜಗಲಿಯವರೆಗೆ ಬರಲು ಇನ್ನೂ ಸಮಯ ಬೇಕು.

ಒಂದು ಸಂಗತಿ ಹೇಳುವುದಿದೆ. 1913ರಲ್ಲಿ, ಅಂದರೆ ಸೋಫಿಯಾ ಹೋದ ಮರುವರ್ಷ, ಗ್ಲಾಸ್ಗೊ ನಗರದ ಒಂದು ಮನೆಯ ಊಟಕ್ಕೆ ಮಾರ್ಗರೆಟ್ ಹೋಗಿದ್ದಳು. ಅಲ್ಲಿ ರಸಾಯನ ವಿಜ್ಞಾನಿ ಫ್ರೆಡರಿಕ್ ಸಾಡಿ ಇದ್ದರು, ಮುಂದೆ ನೊಬೆಲ್ ಬಹುಮಾನ ಪಡೆದವರು. ತೂಕ ಬೇರೆ ಬೇರೆ, ಆದರೂ ಮೂಲವಸ್ತುಗಳ ಪಟ್ಟಿಯಲ್ಲಿ ಒಂದೇ ಮನೆಯಲ್ಲಿ ಕೂರಬೇಕಾದ ಪರಮಾಣುಗಳನ್ನು ಏನೆಂದು ಕರೆಯಬೇಕು ಎಂಬುದು ಅವರ ತೊಡಕಾಗಿತ್ತು. ಮಾರ್ಗರೆಟ್ ಗ್ರೀಕ್‌ನಿಂದ ಪದ ಕೊಟ್ಟಳು: ಐಸೊಟೋಪ್. ಒಂದೇ ಸ್ಥಾನ ಎಂದರ್ಥ. ನಾವು ಹೈಸ್ಕೂಲಿನಲ್ಲಿ ಸಮಸ್ಥಾನಿ ಎಂದು ಬಾಯಿಪಾಠ ಮಾಡಿದ್ದು ಅದನ್ನೇ. ಸಾಡಿ ಹೆಸರು ಪುಸ್ತಕಗಳಲ್ಲಿ ಉಳಿಯಿತು.

2019ರ ಜುಲೈನಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯ ಏಳ್ವರಿಗೂ ಮರಣೋತ್ತರವಾಗಿ ಪದವಿ ಕೊಟ್ಟಿತು. ಅವರ ಪರವಾಗಿ ವೇದಿಕೆ ಹತ್ತಿ ಅದನ್ನು ಪಡೆದವರು ಆಗ ಅಲ್ಲಿ ಮೆಡಿಕಲ್ ಓದುತ್ತಿದ್ದ ಹುಡುಗಿಯರು.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ನೀಟ್ ಬರೆಯುವವಳು ಬಹಳ ಹೊತ್ತು ಸುಮ್ಮನಿದ್ದಳು. ಆ ಕುರಿ ಪರೀಕ್ಷೆ ಮುಗಿಯುವವರೆಗೂ ಅಲ್ಲೇ ಇತ್ತಾ ಎಂದು ಕೇಳಿ ನಕ್ಕಳು. ಮತ್ತೆ ಮಾರ್ಗರೆಟ್ ಟಾಡ್ ಹೆಸರಿನ ಸ್ಪೆಲ್ಲಿಂಗ್ ಕೇಳಿದಳು. ಕೆಮಿಸ್ಟ್ರಿ ಪುಸ್ತಕದಲ್ಲಿ ಸಮಸ್ಥಾನಿಯ ಪುಟದ ಅಂಚಿಗೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾಳಂತೆ.