ರಕ್ತದ ಆನುವಂಶಿಕ ಕಾಯಿಲೆಗಳು ಮತ್ತು ಜೆ.ಬಿ.ಎಸ್. ಹಾಲ್ಡೇನ್: ಜೀವನ ಪರಿಚಯ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ರ ಅನುಸೂಚಿಯಲ್ಲಿ ಹಿಮೋಫಿಲಿಯಾ (ಕುಸುಮ ರೋಗ), ಥಲಸ್ಸೇಮಿಯಾ ಹಾಗೂ ಸಿಕಲ್ ಸೆಲ್ ಕಾಯಿಲೆಗಳನ್ನು ಸೇರಿಸಲಾಗಿದೆ. 1995 ರ ಹಿಂದಿನ ಅಧಿನಿಯಮದಲ್ಲಿ ರಕ್ತದ ಈ ಮೂರು ಕಾಯಿಲೆಗಳು ಇರಲಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಇಂತಹ ಮಕ್ಕಳ ಪರವಾಗಿ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸುವ ಪೋಷಕರ ಮನೆಗಳಲ್ಲಿ, ಕಾಯಿಲೆಯು ಯಾರ ಕಡೆಯಿಂದ ಬಂದಿತೆಂಬ ಪ್ರಶ್ನೆ ಏಳುವುದುಂಟು. ಅನೇಕ ವೇಳೆ ಅದು ತಾಯಿಯ ಮೇಲಿನ ದೂರಾಗಿ ಪರಿಣಮಿಸುತ್ತದೆ. ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಹುಡುಕಿದ ವಿಜ್ಞಾನಿಯ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜಾನ್ ಬರ್ಡನ್ ಸ್ಯಾಂಡರ್ಸನ್ ಹಾಲ್ಡೇನ್ ರವರು 1892 ರ ನವೆಂಬರ್ 5 ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಜನಿಸಿದರು. ತಂದೆಯವರು ಉಸಿರಾಟ ಹಾಗೂ ರಕ್ತದ ಕುರಿತು ಸಂಶೋಧನೆ ನಡೆಸಿದ ಪ್ರಸಿದ್ಧ ಶರೀರ ವಿಜ್ಞಾನಿ. ಮಗನು ಓದಿದ್ದು ಗಣಿತ ಮತ್ತು ಗ್ರೀಕ್-ಲ್ಯಾಟಿನ್ ಸಾಹಿತ್ಯ. ವಿಜ್ಞಾನದಲ್ಲಿ ಅವರು ಪದವಿ ಪಡೆದಿರಲಿಲ್ಲವೆಂಬುದು ಗಮನಾರ್ಹ. ಮೊದಲನೆಯ ಮಹಾಯುದ್ಧದಲ್ಲಿ ಮೆಸಪೊಟೇಮಿಯಾದಲ್ಲಿ ಗಾಯಗೊಂಡು ಚಿಕಿತ್ಸೆಗಾಗಿ ಭಾರತಕ್ಕೆ ಬಂದಾಗ ಈ ದೇಶದ ಪರಿಚಯವಾಯಿತು. ನಂತರ ಕೇಂಬ್ರಿಡ್ಜ್‌ನಲ್ಲಿ, 1933 ರಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸೇವೆ ಸಲ್ಲಿಸಿದರು.

ಹಿಮೋಫಿಲಿಯಾದಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಆ ಕಾಲದಲ್ಲಿ ಈ ಕಾಯಿಲೆಯ ಹುಡುಗರು ಬಹುತೇಕ ಮಕ್ಕಳನ್ನು ಪಡೆಯುವ ಮುನ್ನವೇ ತೀರಿಕೊಳ್ಳುತ್ತಿದ್ದರು. ಹಾಗಿದ್ದರೂ ಕಾಯಿಲೆ ಕಡಿಮೆಯಾಗಿರಲಿಲ್ಲ. ಪ್ರತಿವರ್ಷ ಖರ್ಚಾಗುತ್ತಿದ್ದರೂ ಪುಸ್ತಕದಲ್ಲಿ ಶಿಲ್ಕು ಇಳಿಯದಿದ್ದರೆ ಎಲ್ಲಿಂದಲೋ ಜಮೆಯಾಗುತ್ತಿರಲೇಬೇಕಷ್ಟೆ. ಇದೇ ರೀತಿಯ ಲೆಕ್ಕದಿಂದ, ಈ ದೋಷವು ಪ್ರತಿ ತಲೆಮಾರಿನಲ್ಲೂ ಸುಮಾರು 50,000 ಕ್ಕೆ ಒಂದರಂತೆ ಹೊಸದಾಗಿ ಉಂಟಾಗುತ್ತದೆಂದು 1935 ರಲ್ಲಿ ಅಂದಾಜಿಸಿದರು. ಮಾನವನ ವಂಶವಾಹಿಯಲ್ಲಿ ಬದಲಾವಣೆಯಾಗುವ ಪ್ರಮಾಣವನ್ನು ಲೆಕ್ಕ ಹಾಕಿದ್ದು ಅದೇ ಮೊದಲು. ಹಿಂದಿನವರಲ್ಲಿ ಯಾರಿಗೂ ಇಲ್ಲದ ಮನೆಯಲ್ಲಿಯೂ ಈ ಕಾಯಿಲೆಯ ಮಗು ಜನಿಸಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. 1937 ರಲ್ಲಿ ಜೂಲಿಯಾ ಬೆಲ್ ರವರೊಡಗೂಡಿ, ಹಿಮೋಫಿಲಿಯಾ ಮತ್ತು ಬಣ್ಣಗುರುಡುತನದ ವಂಶವಾಹಿಗಳು ಒಂದೇ ವರ್ಣತಂತುವಿನಲ್ಲಿ ಜೊತೆಯಾಗಿ ಸಾಗುವುದನ್ನು ತೋರಿಸಿದರು.

1948 ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ತಳಿವಿಜ್ಞಾನ ಸಮ್ಮೇಳನದಲ್ಲಿ ಅವರು ಥಲಸ್ಸೇಮಿಯಾವನ್ನು ಕುರಿತು ಮಾತನಾಡಿದರು. ತಂದೆ ತಾಯಿ ಇಬ್ಬರಿಂದಲೂ ದೋಷ ಪಡೆದ ಮಗುವಿಗೆ ತೀವ್ರ ರಕ್ತಹೀನತೆ ಬರುತ್ತದೆ. ಒಬ್ಬರಿಂದ ಮಾತ್ರ ಪಡೆದವರು ಆರೋಗ್ಯವಾಗಿಯೇ ಇರುತ್ತಾರೆ; ಅವರ ಕೆಂಪು ರಕ್ತಕಣಗಳು ಸ್ವಲ್ಪ ಚಿಕ್ಕದಾಗಿರುತ್ತವೆ. ಇಂತಹ ವಾಹಕರು ಮಲೇರಿಯಾವನ್ನು ಹೆಚ್ಚು ತಡೆದುಕೊಳ್ಳುವುದರಿಂದಲೇ ಆ ವಂಶವಾಹಿ ಮಲೇರಿಯಾ ಪ್ರದೇಶಗಳಲ್ಲಿ ಉಳಿದುಬಂದಿರಬೇಕೆಂದು ಅವರು ಊಹಿಸಿದರು. ಸಿಕಲ್ ಸೆಲ್ ವಿಷಯದಲ್ಲಿ ಇದೇ ಮಾತಿಗೆ 1954 ರಲ್ಲಿ ಆಂಥೊನಿ ಆಲಿಸನ್ ರವರು ಪೂರ್ವ ಆಫ್ರಿಕಾದಿಂದ ಪುರಾವೆ ಒದಗಿಸಿದರು. ಒಂದು ಕಾಲಕ್ಕೆ ಪ್ರಾಣ ಉಳಿಸಿದ ಗುಣವನ್ನು ಕುಲದ ಕಳಂಕವೆನ್ನಲು ಆಧಾರವಿಲ್ಲ. ಮಲೇರಿಯಾ ನಮ್ಮ ಸೀಮೆಗೂ ಅಪರಿಚಿತವಲ್ಲ. 1809 ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ತಮ್ಮ ಸೇನೆಯನ್ನು ಬೆಂಗಳೂರಿಗೆ ಸ್ಥಳಾಂತರಿಸಲು ಇಲ್ಲಿನ ಜ್ವರಬಾಧೆಯೇ ಮುಖ್ಯ ಕಾರಣವಾಗಿತ್ತು.

ಹಾಲ್ಡೇನ್ ರವರು 1957 ರಲ್ಲಿ ಪತ್ನಿ ಹೆಲೆನ್ ಸ್ಪರ್ವೆ ಅವರೊಂದಿಗೆ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. 1961 ರಲ್ಲಿ ಭಾರತದ ಪೌರತ್ವ ಪಡೆದರು. ನಮ್ಮಲ್ಲಿರುವಂತೆ ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ವಿವಾಹವಾಗುವ ರೂಢಿ ಆಂಧ್ರದಲ್ಲಿಯೂ ಇದ್ದು, ಅದರ ಅಧ್ಯಯನವನ್ನು ಅವರ ಶಿಷ್ಯ ಕೃಷ್ಣ ದ್ರೋಣಂರಾಜು ರವರು ಕೈಗೊಂಡರು. ಒಂದೇ ಮನೆತನದ ಇಬ್ಬರು ವಾಹಕರಾಗಿರುವ ಸಂಭವ ಹೆಚ್ಚು. ಥಲಸ್ಸೇಮಿಯಾ ವಾಹಕರಿಬ್ಬರು ದಂಪತಿಗಳಾದಲ್ಲಿ ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದರಲ್ಲಿ ತಂದೆಯ ಪಾಲು ತಾಯಿಯ ಪಾಲಿನಷ್ಟೇ ಇರುತ್ತದೆ.

1962 ರಲ್ಲಿ ಅವರು ಭುವನೇಶ್ವರಕ್ಕೆ ತೆರಳಿ ತಳಿವಿಜ್ಞಾನ ಪ್ರಯೋಗಾಲಯವನ್ನು ಕಟ್ಟಿದರು. ಕ್ಯಾನ್ಸರ್‌ನಿಂದ 1964 ರ ಡಿಸೆಂಬರ್ 1 ರಂದು ಅಲ್ಲಿಯೇ ನಿಧನರಾದರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ನೀಡಲಾಯಿತು.

ಮೇಲ್ಕಂಡ ಕಾಯಿಲೆಗಳಿರುವ ವ್ಯಕ್ತಿಗಳು ನಿಗದಿತ ವೈದ್ಯಕೀಯ ಪ್ರಾಧಿಕಾರದ ತಪಾಸಣೆಗೆ ಹಾಜರಾಗಿ ಪ್ರಮಾಣಪತ್ರ ಹಾಗೂ ಯು.ಡಿ.ಐ.ಡಿ. ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು. ವಿವಾಹಕ್ಕೆ ಮುನ್ನ ವಾಹಕತನದ ರಕ್ತಪರೀಕ್ಷೆ ಬಯಸುವವರು ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಗಳಲ್ಲಿ ವಿಚಾರಿಸಬಹುದು.