ಬಿದ್ದಲ್ಲಿಂದಲೇ ಆಡಬೇಕಾದ ಚೆಂಡು

ದುಬೈನ ಒಂದು ಗಾಲ್ಫ್ ಮೈದಾನದಲ್ಲಿ ಕೆಲಸ ಅಂತ ಊರಲ್ಲಿ ಹೇಳಿದರೆ, ನಾನೇ ಗಾಲ್ಫ್ ಆಡುತ್ತೇನೆ ಅಂದುಕೊಳ್ಳುತ್ತಾರೆ. ನಾನು ನೋಡಿಕೊಳ್ಳುವುದು ಹುಲ್ಲಿಗೆ ನೀರು ಹಾಯಿಸುವ ಪೈಪು ಮತ್ತು ಸ್ಪ್ರಿಂಕ್ಲರ್. ಹನ್ನೊಂದು ವರ್ಷದಿಂದ ಇದೇ ಕೆಲಸ. ಆಡಲು ಬರದಿದ್ದರೂ ಆಟವನ್ನು ದಿನಾ ನೋಡುತ್ತೇನಲ್ಲ, ಅದರ ಅದೃಷ್ಟದ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಕೆಟ್ಟ ಹೊಡೆತವೊಂದು ಕೊಳದ ಕಡೆ ಹೋಗುತ್ತಾ ಸ್ಪ್ರಿಂಕ್ಲರ್ ತಲೆಗೆ ಬಡಿದು, ಜಿಗಿದು ಕುಳಿಯ ಪಕ್ಕ ಬಂದು ನಿಲ್ಲುತ್ತದೆ. ಇನ್ನೊಂದು ದಿನ ಸೊಗಸಾದ ಹೊಡೆತವೇ ಅದಕ್ಕೆ ಬಡಿದು ಮರಳಿನ ಬಂಕರ್‌ಗೆ ಬೀಳುತ್ತದೆ. ಆಗ ಆಡುವವರು ನನ್ನ ಕಡೆ ನೋಡುತ್ತಾರೆ, ನಾನು ಆಕಾಶ ನೋಡುತ್ತೇನೆ. ಏನೂ ಮಾಡುವಂತಿಲ್ಲ. ಚೆಂಡು ಎಲ್ಲಿ ಬಿತ್ತೋ ಅಲ್ಲಿಂದಲೇ ಆಡಬೇಕು. ಇದಕ್ಕೆ ಹಳಬರು ರಬ್ ಆಫ್ ದ ಗ್ರೀನ್ ಎಂದು ಹೆಸರಿಟ್ಟಿದ್ದಾರೆ.

ನಮ್ಮ ಮೇಲ್ವಿಚಾರಕರೊಬ್ಬರು ದಕ್ಷಿಣ ಆಫ್ರಿಕಾದ ಡರ್ಬನ್‌ನವರು, ಭಾರತೀಯ ಮೂಲದವರು. ಮಧ್ಯಾಹ್ನ ಊಟಕ್ಕೆ ನೆರಳಲ್ಲಿ ಕೂತಾಗ ಪಾಪ್ವಾ ಸೆವ್‌ಗೋಲಮ್ ಎಂಬ ಆಟಗಾರನ ಕಥೆಯನ್ನು ಮೊದಲು ಹೇಳಿದವರು ಅವರೇ. ಆಮೇಲೆ ನಾನೇ ಹುಡುಕಿ ಓದಿಕೊಂಡೆ. ನಮ್ಮಂಥವರು ತಿಳಿದಿರಬೇಕಾದ ಮನುಷ್ಯ ಅನ್ನಿಸಿ ಈ ವರ್ಷದ ಸಂಚಿಕೆಗೆ ಬರೆಯುತ್ತಿದ್ದೇನೆ.

ಪೂರ್ತಿ ಹೆಸರು ಸೆವ್‌ಸಂಕರ್ ಸೆವ್‌ಗೋಲಮ್. ಸ್ವಲ್ಪ ನಿಧಾನವಾಗಿ ಹೇಳಿ ನೋಡಿ, ಶಿವಶಂಕರ, ಶಿವಗುಲಾಮ. ಕಾಗದದ ಮೇಲೆ ಇಂಗ್ಲಿಷಿನಲ್ಲಿ ಇಳಿದಾಗ ಹಾಗಾಗಿದೆ. ನಮ್ಮಲ್ಲೂ ಪಾಸ್‌ಪೋರ್ಟಿನಲ್ಲೊಂದು, ಮನೆಯಲ್ಲೊಂದು ಹೆಸರು ಇರುವವರು ಎಷ್ಟು ಮಂದಿ ಇಲ್ಲ!

ಅಲ್ಲಿಗೆ ಭಾರತೀಯರು ಹೋದದ್ದು ಕಬ್ಬಿನ ತೋಟದ ಕೂಲಿಗೆ. ಮೊದಲ ಹಡಗು ಮದರಾಸಿನಿಂದ ಹೊರಟು 1860ರ ನವೆಂಬರ್‌ನಲ್ಲಿ ಡರ್ಬನ್ ತಲುಪಿತು. 1911ರಲ್ಲಿ ಈ ವ್ಯವಸ್ಥೆ ನಿಲ್ಲುವಷ್ಟರಲ್ಲಿ ಸುಮಾರು ಒಂದೂವರೆ ಲಕ್ಷ ಜನ ಹೋಗಿದ್ದರು. ಐದು ವರ್ಷದ ಕರಾರು. ಅಗ್ರಿಮೆಂಟ್ ಎಂಬ ಮಾತು ಆ ಜನರ ಬಾಯಲ್ಲಿ ಗಿರ್ಮಿಟ್ ಆಯಿತು, ಅವರು ಗಿರ್ಮಿಟಿಯರಾದರು. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆಯವರಿಗೆ ಗಿರ್ಮಿಟ್ ಅಂದರೆ ಚುರುಮುರಿ, ಜೊತೆಗೊಂದು ಮಿರ್ಚಿ ಭಜಿ. ಮೇಲ್ವಿಚಾರಕರಿಗೆ ಇದನ್ನು ಹೇಳಿದಾಗ ಅವರು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಪಾಪ್ವಾ ಹುಟ್ಟಿದ್ದು 1920ರ ದಶಕದ ಕೊನೆಯಲ್ಲಿ, ಡರ್ಬನ್‌ನ ಬಡ ಕುಟುಂಬವೊಂದರಲ್ಲಿ. ಶಾಲೆಯ ಭಾಗ್ಯ ಇರಲಿಲ್ಲ, ಓದು ಬರಹ ಬರಲಿಲ್ಲ. ಬಿಳಿಯರ ಗಾಲ್ಫ್ ಮೈದಾನದಲ್ಲಿ ಕ್ಯಾಡಿಯಾದ, ಅಂದರೆ ಆಡುವವರ ಚೀಲ ಹೊತ್ತು ಹಿಂದೆ ನಡೆಯುವ ಹುಡುಗ. ಮರದ ಕೊಂಬೆ ಕಡಿದು ಕೋಲು ಮಾಡಿಕೊಂಡು ಹೊಡೆಯುವುದನ್ನು ತಾನೇ ಕಲಿತ.

ತಾನೇ ಕಲಿತದ್ದರಿಂದ ಒಂದು ವಿಚಿತ್ರ ಆಯಿತು. ಬಲಗಡೆಯಿಂದ ಆಡುವವರು ಕೋಲು ಹಿಡಿಯುವಾಗ ಎಡಗೈ ಮೇಲೆ, ಬಲಗೈ ಕೆಳಗೆ ಇರುತ್ತದೆ. ನಮ್ಮ ಬಲಗೈ ಬ್ಯಾಟ್ಸ್‌ಮನ್‌ಗಳು ಬ್ಯಾಟು ಹಿಡಿದಂತೆ. ಪಾಪ್ವಾ ಉಲ್ಟಾ ಹಿಡಿದ. ಬಲಗೈ ಮೇಲೆ, ಎಡಗೈ ಕೆಳಗೆ, ಆದರೆ ನಿಲ್ಲುವುದು ಬಲಗೈಯವರ ಹಾಗೆಯೇ. ಕ್ರಿಕೆಟ್ ಬ್ಯಾಟು ಹಾಗೆ ಹಿಡಿದು ನೋಡಿ, ಮಣಿಕಟ್ಟು ತಿರುಚಿದಂತಾಗುತ್ತದೆ. ಯಾವ ತರಬೇತುದಾರ ಕಂಡಿದ್ದರೂ ಮೊದಲ ದಿನವೇ ತಿದ್ದುತ್ತಿದ್ದ. ತಿದ್ದುವವರು ಇಲ್ಲದ್ದು ಅವನ ದುರದೃಷ್ಟವೋ ಅದೃಷ್ಟವೋ ನನಗಂತೂ ಹೇಳಲಾಗದು. ಆ ಹಿಡಿತಕ್ಕೆ ಮುಂದೆ ಅವನ ಹೆಸರೇ ಬಂತು.

ಬಿಳಿಯರಲ್ಲದವರಿಗೆ ಬೇರೆಯೇ ಪಂದ್ಯಾವಳಿಗಳಿದ್ದವು. ಅಲ್ಲಿ ಅವನನ್ನು ಸೋಲಿಸುವವರು ಕಡಿಮೆ. ಆದರೆ ಅಲ್ಲಿ ಎಷ್ಟು ಗೆದ್ದರೂ ಹೊರಗಿನ ಜಗತ್ತಿಗೆ ಗೊತ್ತಾಗುವಂತಿರಲಿಲ್ಲ.

ಅವನ ದೊಡ್ಡ ಅದೃಷ್ಟದ ಹೆಸರು ಗ್ರಹಾಂ ವುಲ್ಫ್. ನಮ್ಮ ಹೆಣ್ಣುಮಕ್ಕಳು ಊರಿಗೆ ಹೋಗುವಾಗ ಚೀಲಕ್ಕೆ ತುಂಬಿಸಿಕೊಳ್ಳುವ ಓಲೇ ಕ್ರೀಮ್ ಇದೆಯಲ್ಲ, ಅದನ್ನು ಮೊದಲು ಡರ್ಬನ್‌ನಲ್ಲಿ ತಯಾರಿಸಿದ ರಸಾಯನಶಾಸ್ತ್ರಜ್ಞ ಈತ. ಬಿಳಿಯ. ಪಾಪ್ವಾನ ಆಟ ಕಂಡು ಅವನಿಗೆ ಕೆಲಸ ಕೊಟ್ಟ, 1959ರಲ್ಲಿ ಯುರೋಪಿಗೆ ಕರೆದುಕೊಂಡು ಹೋದ. ಆ ವರ್ಷವೇ ಪಾಪ್ವಾ ಡಚ್ ಓಪನ್ ಗೆದ್ದ. ತನ್ನ ಬಗ್ಗೆ ಪತ್ರಿಕೆಯಲ್ಲಿ ಬಂದದ್ದನ್ನು ತಾನೇ ಓದಲಾರದ ಮನುಷ್ಯ ಹಾಲೆಂಡ್ ದೇಶದ ಚಾಂಪಿಯನ್ ಆದ. 1960ರಲ್ಲಿ ಮತ್ತೆ ಗೆದ್ದ. ಒಂದು ಸಲ ಗೆದ್ದರೆ ಗಾಳಿ ಚೆನ್ನಾಗಿತ್ತು ಅನ್ನಬಹುದು, ಮೇಲಿಂದ ಮೇಲೆ ಗೆದ್ದರೆ ಏನನ್ನುವುದು? 1964ರಲ್ಲಿ ಮೂರನೆಯ ಸಲವೂ ಗೆದ್ದ.

ಹಾಲೆಂಡಿನಲ್ಲಿ ಚಾಂಪಿಯನ್ ಆದವನು ಹುಟ್ಟಿದ ಊರಿನಲ್ಲಿ ದೊಡ್ಡ ಪಂದ್ಯ ಆಡಬೇಕಾದರೆ ಸರ್ಕಾರದ ಪರ್ಮಿಟ್ ಬೇಕಿತ್ತು. ಯಾವ ಜನಾಂಗದವರು ಎಲ್ಲಿ ವಾಸಿಸಬೇಕು, ಎಲ್ಲಿ ಕಾಲಿಡಬೇಕು ಎನ್ನುವುದಕ್ಕೆ ಕಾನೂನು ಇದ್ದ ಕಾಲ ಅದು. 1963ರಲ್ಲಿ ಡರ್ಬನ್ ಕಂಟ್ರಿ ಕ್ಲಬ್‌ನಲ್ಲಿ ನಡೆದ ನಟಾಲ್ ಓಪನ್‌ಗೆ ಅನುಮತಿ ಸಿಕ್ಕಿತು. ಆಡಬಹುದು, ಕ್ಲಬ್‌ಹೌಸ್ ಒಳಗೆ ಮಾತ್ರ ಬರಕೂಡದು. ಉಳಿದವರೆಲ್ಲ ಒಳಗೆ ಬಟ್ಟೆ ಬದಲಿಸಿ ಊಟ ಮಾಡಿದರೆ ಇವನಿಗೆ ಹೊರಗೆ ಕಾರೇ ಗತಿ.

ಅಂಥಾದ್ದರಲ್ಲಿ ಗೆದ್ದ. ನೂರಕ್ಕಿಂತ ಹೆಚ್ಚು ಬಿಳಿಯ ಆಟಗಾರರ ನಡುವೆ ಗೆದ್ದ. ಆಗ ಮಳೆ ಬಂತು.

ಮಳೆ ಬಂದಾಗ ಬಹುಮಾನದ ಕಾರ್ಯಕ್ರಮ ಒಳಗೆ ನಡೆಯುವುದು ಎಲ್ಲ ಕಡೆಯ ರೂಢಿ. ಆದರೆ ಗೆದ್ದವನು ಒಳಗೆ ಬರುವಂತಿಲ್ಲ. ಒಳಗೆ ತಟ್ಟೆ ಹಿಡಿದು ಬಡಿಸುತ್ತಿದ್ದವರು ಭಾರತೀಯರೇ. ಸೇವೆಗೆ ಬಂದವರಿಗೆ ಬಾಗಿಲು ತೆರೆದಿತ್ತು, ಗೆದ್ದವನಿಗೆ ಮುಚ್ಚಿತ್ತು. ಪಾಪ್ವಾ ಹೊರಗೆ ಮಳೆಯಲ್ಲಿ ನಿಂತು ಟ್ರೋಫಿ ತೆಗೆದುಕೊಂಡ. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಅಚ್ಚಾಯಿತು.

ಈ ಮಳೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅಂದು ಬಿಸಿಲಿದ್ದಿದ್ದರೆ ಎಲ್ಲರೂ ಹುಲ್ಲಿನ ಮೇಲೇ ನಿಂತು ಕಾರ್ಯಕ್ರಮ ಮುಗಿಸುತ್ತಿದ್ದರು. ಚಿತ್ರ ನೋಡಿದವರಿಗೆ ಯಾವುದೋ ಪಂದ್ಯ, ಯಾರೋ ಗೆದ್ದ ಅಷ್ಟೇ. ಬಾಗಿಲು ಮುಚ್ಚಿರುವುದು ಯಾರಿಗೂ ಕಾಣುತ್ತಿರಲಿಲ್ಲ. ಅವನನ್ನು ನೆನೆಸಿದ ಮಳೆಯೇ ಅದನ್ನು ತೋರಿಸಿಕೊಟ್ಟಿತು. ದಕ್ಷಿಣ ಆಫ್ರಿಕಾದ ಜೊತೆ ಆಡಬಾರದು ಎಂದು ಹೊರಗಿನ ದೇಶಗಳಲ್ಲಿ ದನಿ ಎತ್ತಿದವರಿಗೆ ಆ ಚಿತ್ರ ದೊಡ್ಡ ಸಾಕ್ಷಿಯಾಯಿತು. ಹಾಗಂತ ಮಳೆಯನ್ನು ಅದೃಷ್ಟ ಅನ್ನೋಣವೇ? ಮೈ ಒದ್ದೆಯಾದದ್ದು ಅವನದು, ಆಮೇಲೆ ದಂಡ ತೆತ್ತವನೂ ಅವನೇ.

1965ರಲ್ಲಿ ಅದೇ ಪಂದ್ಯಾವಳಿಯಲ್ಲಿ ಇನ್ನೂ ದೊಡ್ಡದು ನಡೆಯಿತು. ಅಲ್ಲಿ ಆಡಲು ಬಂದಿದ್ದವರಲ್ಲಿ ಗ್ಯಾರಿ ಪ್ಲೇಯರ್ ಕೂಡ ಒಬ್ಬ. ಅಷ್ಟರಲ್ಲಾಗಲೇ ಬ್ರಿಟಿಷ್ ಓಪನ್, ಮಾಸ್ಟರ್ಸ್, ಅಮೆರಿಕದ ಪಿಜಿಎ ಗೆದ್ದಿದ್ದವನು. ಅದೇ ವರ್ಷ ಮುಂದೆ ಯುಎಸ್ ಓಪನ್ ಕೂಡ ಗೆದ್ದ. ಅಂಥ ಪ್ಲೇಯರ್‌ನನ್ನು ಪಾಪ್ವಾ ತನ್ನ ಉಲ್ಟಾ ಕೈಯಲ್ಲಿ ಸೋಲಿಸಿದ. ಡರ್ಬನ್‌ನ ಭಾರತೀಯರ ಮನೆಗಳಲ್ಲಿ ಅವತ್ತು ಹಬ್ಬ ಅಂತ ನಮ್ಮ ಮೇಲ್ವಿಚಾರಕರು ತಮ್ಮ ತಂದೆಯಿಂದ ಕೇಳಿದ್ದಾರೆ.

ಅಭ್ಯಾಸ ಮಾಡಿದಷ್ಟೂ ಅದೃಷ್ಟ ಹೆಚ್ಚುತ್ತದೆ ಎಂಬರ್ಥದ ಮಾತೊಂದು ಇದೇ ಪ್ಲೇಯರ್ ಹೆಸರಿನಲ್ಲಿ ಗಾಲ್ಫ್ ಲೋಕದಲ್ಲಿ ಓಡಾಡುತ್ತದೆ. ನಮ್ಮಲ್ಲಿ ಆಡಲು ಬರುವವರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಒಳ್ಳೆಯ ಮಾತೇ. ಆದರೆ ಪಾಪ್ವಾ ಕಡಿಮೆ ಅಭ್ಯಾಸ ಮಾಡಿದನೇ? ಅವನಿಗಾದರೆ ಗೆದ್ದಷ್ಟೂ ಬಾಗಿಲುಗಳು ಮುಚ್ಚಿಕೊಂಡವು. ಪ್ಲೇಯರ್ ಆ ದಿನಗಳಲ್ಲಿ ವರ್ಣಭೇದ ನೀತಿಯನ್ನು ಸಮರ್ಥಿಸಿ ಬರೆದಿದ್ದ. ಮುಂದೆ ಮನಸ್ಸು ಬದಲಿಸಿ ಅದು ತಪ್ಪೆಂದು ಒಪ್ಪಿಕೊಂಡ, ಆ ಮಾತನ್ನೂ ಹೇಳಬೇಕು.

ಆ ಗೆಲುವಿನ ನಂತರ ಸರ್ಕಾರ ಕಾನೂನನ್ನು ಇನ್ನಷ್ಟು ಬಿಗಿ ಮಾಡಿತು. ಬಿಳಿಯರ ಪಂದ್ಯಗಳಿಗೆ ಪಾಪ್ವಾನಿಗೆ ಪರ್ಮಿಟ್ ನಿಂತಿತು. ಹೊರದೇಶಕ್ಕಾದರೂ ಹೋಗೋಣವೆಂದರೆ ಪಾಸ್‌ಪೋರ್ಟನ್ನೇ ಕಿತ್ತುಕೊಂಡರು. ಪಾಸ್‌ಪೋರ್ಟ್ ಬೇರೆಯವರ ಕೈಯಲ್ಲಿದ್ದರೆ ಹೇಗಿರುತ್ತದೆ ಅಂತ ನಮ್ಮ ಓದುಗರಲ್ಲಿ ಕೆಲವರಿಗೆ ವಿವರಿಸಬೇಕಿಲ್ಲ. ಮೂವತ್ತರ ಕೊನೆ, ನಲವತ್ತರ ಆರಂಭ ಅಂದರೆ ಗಾಲ್ಫ್‌ನಲ್ಲಿ ಇನ್ನೂ ಒಳ್ಳೆಯ ವಯಸ್ಸೇ. ಆ ವರ್ಷಗಳೆಲ್ಲ ಅವನಿಗೆ ಹಾಗೇ ಕಳೆದುಹೋದವು. ಸ್ಪ್ರಿಂಕ್ಲರ್‌ಗೆ ಬಡಿದ ಚೆಂಡಿಗೆ ಯಾರನ್ನೂ ದೂರುವಂತಿಲ್ಲ, ನಿಜ. ಇಲ್ಲಿ ಹಾಗಲ್ಲ. ಒಬ್ಬ ಅಧಿಕಾರಿ ಮೇಜಿನ ಮುಂದೆ ಕೂತು ಇಲ್ಲ ಎಂದು ಸಹಿ ಹಾಕಿದ್ದಾನೆ. ಪಾಪ್ವಾನ ಕಥೆಯನ್ನು ಎಲ್ಲರೂ ದುರದೃಷ್ಟದ ಕಥೆ ಎಂದು ಹೇಳುವುದು ಕೇಳಿದಾಗ ನನಗೆ ಒಳಗೊಳಗೇ ಸಿಟ್ಟು ಬರುತ್ತದೆ.

1978ರ ಜುಲೈನಲ್ಲಿ, ಐವತ್ತು ತುಂಬುವ ಮೊದಲೇ, ಹೃದಯಾಘಾತದಿಂದ ತೀರಿಕೊಂಡ. ಕೈಯಲ್ಲಿ ದುಡ್ಡಿರಲಿಲ್ಲ. ವರ್ಣಭೇದದ ಆಡಳಿತ ಹೋದ ಮೇಲೆ ದೇಶ ಅವನಿಗೆ ಮರಣೋತ್ತರ ಗೌರವ ಕೊಟ್ಟಿತು, ಅವನ ಜೀವನದ ಮೇಲೆ ಕ್ರಿಸ್ಟೋಫರ್ ನಿಕೋಲ್ಸನ್ ಎಂಬ ನ್ಯಾಯಾಧೀಶರು ಪುಸ್ತಕ ಬರೆದರು. ಡರ್ಬನ್‌ನಲ್ಲಿ ಉಮ್ಗೇನಿ ನದಿಯ ದಂಡೆಯ ಒಂದು ಗಾಲ್ಫ್ ಮೈದಾನಕ್ಕೆ ಪಾಪ್ವಾ ಸೆವ್‌ಗೋಲಮ್ ಎಂದೇ ಹೆಸರು. ನಮ್ಮ ಮೇಲ್ವಿಚಾರಕರು ಹುಡುಗರಾಗಿದ್ದಾಗ ಚೆಂಡು ಹೆಕ್ಕಿದ್ದು ಅಲ್ಲಿಯೇ.

ನಮ್ಮಲ್ಲಿ ವರ್ಷಕ್ಕೊಮ್ಮೆ ಕೆಲಸಗಾರರೂ ಆಡಬಹುದಾದ ದಿನ ಒಂದಿದೆ. ಕಳೆದ ಚಳಿಗಾಲದಲ್ಲಿ ನಾನೂ ಹೋದೆ. ಬಲಗೈ ಮೇಲೆ, ಎಡಗೈ ಕೆಳಗೆ ಹಿಡಿದು ಹೊಡೆದೆ. ಮೊದಲೆರಡು ಸಲ ಕೋಲು ನೆಲ ಕೆರೆಯಿತು, ಚೆಂಡು ಇದ್ದಲ್ಲೇ ಇತ್ತು. ಮೂರನೆಯದು ಹಾರಿತು. ಹೋಗಿ ನಾನೇ ಎರಡು ದಿನದ ಹಿಂದೆ ರಿಪೇರಿ ಮಾಡಿದ ಸ್ಪ್ರಿಂಕ್ಲರ್‌ಗೆ ಬಡಿದು ಬಂಕರ್‌ಗೆ ಬಿತ್ತು. ಮೇಲ್ವಿಚಾರಕರು ದೂರದಿಂದಲೇ ಕೈಯೆತ್ತಿ, ಅಲ್ಲಿಂದಲೇ ಆಡು ಎಂದು ಸನ್ನೆ ಮಾಡಿದರು.